ಚೂರೂ ನಷ್ಟವಾಗದ ಪಿಸುಮಾತು

ಆಡಿದ್ದು ಒಂದೇ ಮಾತು. ಅದೂ ಪಕ್ಕದಲ್ಲಿ ಕೂತಿದ್ದ ಷಡ್ಡಕನಿಗೆ ಮಾತ್ರ ಕೇಳುವ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು ಆಡಿದ್ದು. ಆದರೆ ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತ ಕಿವಿರಾಯನಿಗೆ ಅದು ಅತ್ತೆಯ ಹಾಡಿಗಿಂತ ಸ್ಪಷ್ಟವಾಗಿ ಕೇಳಿಸಿತು.

“ಯಾರಾದ್ರೂ ಆ ಬಾಗಿಲಿಗೆ ಒಂಚೂರು ಎಣ್ಣೆ ಬಿಡ್ರಪ್ಪಾ!”

ಬೆನ್ನಿಗೇ ಷಡ್ಡಕ ಮೂಗಿನಲ್ಲಿ ನಕ್ಕದ್ದೂ ಇತ್ತು. ಬಾಗಿಲು ಎಂದರೆ ಅತ್ತೆ. ಎಣ್ಣೆ ಬೇಕಾಗಿದ್ದದ್ದು ಅವರ ಗಂಟಲಿಗೆ. ಆಡಿದ ದನಿ ಕಿವಿರಾಯನದೇ.

ಕಿವಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಕ್ಕಪಕ್ಕದ ಮನೆಯವರು ದಯಪಾಲಿಸಿದ್ದು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಈ ಮನುಷ್ಯ ಹಗಲೆಲ್ಲ ಬೇರೆಯವರ ಅಕ್ಷರದಲ್ಲಿ ತಪ್ಪು ಹುಡುಕಿ, ಸಂಜೆ ಮನೆಗೆ ಬಂದು ಬೇರೆಯವರ ಸಂಗೀತದಲ್ಲಿ ತಪ್ಪು ಹುಡುಕುತ್ತಿದ್ದ. ಯಾರಾದರೂ ಫೋನಿನಲ್ಲಿ ಹಾಡು ಹಾಕಿದರೆ ಸಾಕು, ಹಲ್ಲುನೋವು ಬಂದವನ ಹಾಗೆ ಮುಖ ಹಿಂಡುತ್ತಿದ್ದ. “ಎಂಪಿತ್ರೀ ಅಂದ್ರೆ ಹಿಂಡಿದ ನಿಂಬೆಹಣ್ಣು ಕಣ್ರೀ. ಸಣ್ಣ ಸದ್ದನ್ನೆಲ್ಲ ಕಿತ್ತು ಬಿಸಾಕಿರ್ತಾರೆ. ಕೇಳೋದಾದ್ರೆ ಲಾಸ್‌ಲೆಸ್ ಕೇಳ್ಬೇಕು. ಫೈಲು ದಪ್ಪ ಇರತ್ತೆ, ಆದ್ರೆ ಒಂದು ಉಸಿರೂ ನಷ್ಟ ಆಗಲ್ಲ!” ಇದು ಅವನ ನಿತ್ಯದ ಉಪದೇಶ.

ಅತ್ತೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕೆಲಸಕ್ಕೆ ಸೇರಿದಂದಿನಿಂದ “ಶ್, ಸದ್ದು ಮಾಡ್ಬೇಡಿ” ಎನ್ನುತ್ತಲೇ ಬದುಕಿದವರು, ನಿವೃತ್ತಿಯ ಸಮಾರಂಭದಲ್ಲಿ ಮೊದಲ ಬಾರಿಗೆ ನಾಲ್ಕು ಜನರ ಮುಂದೆ ನಿಂತು ಹಾಡಿದ್ದರು. “ಯಾರೂ ಫೋನಲ್ಲಿ ರೆಕಾರ್ಡ್ ಮಾಡ್ಬೇಡಿ, ಕಸ ಬರತ್ತೆ. ನಾನಿದ್ದೀನಿ” ಎಂದು ಹೇಳಿ, ತನ್ನ ಪುಟ್ಟ ರೆಕಾರ್ಡರನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂತವನು ಇದೇ ಅಳಿಯ. ರೆಕಾರ್ಡರಿಗೆ ಎಲ್ಲರಿಗಿಂತ ಹತ್ತಿರವಿದ್ದ ಬಾಯಿ ಅವನದೇ.

ಈ ದಿನ ಸಂಜೆ ಅತ್ತೆ ಬರುವವರಿದ್ದರು, ಅಕ್ಕಪಕ್ಕದವರ ಮುಂದೆ ತಮ್ಮ ಹಾಡನ್ನು ತಾವೇ ಕೇಳಲು. ಆ ಒಂದು ಮಾತು ಅವರ ಕಿವಿಗೆ ಬಿದ್ದರೆ ಇನ್ನೆಂದೂ ಬಾಯಿ ತೆರೆಯಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಪಾಪದ ಹೆಂಗಸು, ಎಂಥ ಆಸೆಯಿಂದ ಹಾಡಿದ್ದರು! ತಾನು ಎಂಥ ನೀಚ ಎಂದು ಅವನಿಗೆ ನಾಚಿಕೆಯಾಯಿತು. ಸಿಕ್ಕಿಬಿದ್ದ ಮೇಲೆ ಬರುವ ನಾಚಿಕೆಯಾದರೂ ನಿಜವಾದದ್ದೇ.

ಕತ್ತರಿಸಿ ತೆಗೆಯೋಣವೆಂದರೆ ಮಾತು ಎರಡನೆಯ ಚರಣದ ನಟ್ಟನಡುವೆ ಕೂತಿತ್ತು. ತೆಗೆದರೆ ಅತ್ತೆಯ ಸಾಲೂ ಹೋಗುತ್ತದೆ. ಆಗ ತನ್ನ ಉಪದೇಶವೇ ನೆನಪಾಯಿತು: ಎಂಪಿತ್ರೀ ಸಣ್ಣ ಸದ್ದುಗಳನ್ನು ಬಿಸಾಕುತ್ತದಲ್ಲವೇ? ಪಿಸುಮಾತಿಗಿಂತ ಸಣ್ಣ ಸದ್ದು ಯಾವುದಿದೆ? ಅವಸರದಲ್ಲಿ ಲಾಸ್‌ಲೆಸ್ ಫೈಲನ್ನು ಎಂಪಿತ್ರೀ ಮಾಡಿ, ಕಣ್ಣು ಮುಚ್ಚಿ ಕೇಳಿದ.

“...ಎಣ್ಣೆ ಬಿಡ್ರಪ್ಪಾ!”

ಒಂದು ಉಸಿರೂ ನಷ್ಟವಾಗಿರಲಿಲ್ಲ. ಇನ್ನಷ್ಟು ಹಿಂಡಿದ. ಮಾತು ಇತ್ತು. ಕನ್ವರ್ಟರಿನಲ್ಲಿ ಸಿಗುವ ತೀರಾ ಕನಿಷ್ಠ ಗುಣಮಟ್ಟಕ್ಕೆ ಇಳಿಸಿದ. ಅತ್ತೆ ಬಾವಿಯೊಳಗಿಂದ ಹಾಡಿದ ಹಾಗಾಯಿತು, ಚಪ್ಪಾಳೆ ಬಾಣಲೆಯಲ್ಲಿ ಸಿಡಿದ ಹಾಗಾಯಿತು. ಪಿಸುಮಾತು ಮಾತ್ರ ನೆಟ್ಟಗೆ ನಿಂತಿತ್ತು; ಆದರೆ ದನಿ ಯಾರದೆಂದು ಗುರುತು ಸಿಗುತ್ತಿರಲಿಲ್ಲ, ಅದೊಂದೇ ಸಮಾಧಾನ. ಇನ್ನೂ ಕೆಟ್ಟ ಸಂಗತಿಯೆಂದರೆ, ಮೂಲ ಫೈಲಿಗೂ ಮೊದಲ ಎಂಪಿತ್ರೀಗೂ ಏನು ವ್ಯತ್ಯಾಸ ಎಂಬುದು ಎಷ್ಟು ಸಲ ಕೇಳಿದರೂ ಅವನಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಜನರ ತಲೆ ತಿಂದದ್ದೆಲ್ಲ ನೆನಪಾಗಿ ಒಬ್ಬನೇ ಕೂತಲ್ಲೇ ಬೆವರಿದ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, “ರೀ, ಎಲ್ಲ ಸರಿಯಾಗಿದೆ ತಾನೆ?”

“ಸರಿಯಾಗಿದೆ. ಆದ್ರೆ ನೋಡು, ಈ ಕೊನೇ ಎಂಪಿತ್ರೀನೇ ಹಾಕಿಬಿಡೋಣ ಅಂತ. ಕಿವಿಗೆ ಹಿತವಾಗಿದೆ.”

ಅವಳು ಗಂಡನ ಹಣೆ ಮುಟ್ಟಿ ನೋಡಿದಳು. “ಜ್ವರ ಏನಿಲ್ಲವಲ್ಲ? ನಿಮ್ಮ ಬಾಯಲ್ಲಿ ಎಂಪಿತ್ರೀ ಹಿತವಾಗಿದೆ ಅಂತ ಬರ್ತಿದೆ!”

“ನಿಜ ಹೇಳ್ಬೇಕಂದ್ರೆ ದೊಡ್ಡ ಫೈಲು ಕೆಟ್ಟುಹೋಗಿದೆ ಕಣೇ” ಎಂದ. ಹೇಳುತ್ತಲೇ ಅದನ್ನು ಅಳಿಸಿಯೂ ಹಾಕಿದ. ಷಡ್ಡಕ ಹೇಗೂ ಊರಲ್ಲಿಲ್ಲ. ಸಾಕ್ಷಿಗಳೆಲ್ಲ ಮುಗಿದರು ಎಂದು ಸ್ವಲ್ಪ ಉಸಿರು ಬಂತು.

ಆ ಉಸಿರು ಮಹಡಿಯ ಮೇಷ್ಟ್ರು ಇಳಿದು ಬರುವವರೆಗೆ ಮಾತ್ರ ಇತ್ತು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದ ಅವರಿಗೆ ಬೇರೆಯವರ ಮನೆಯ ತೊಂದರೆ ಎಂದರೆ ಬಿಡಿಸದೆ ಬಿಡಲಾಗದ ಲೆಕ್ಕ. ಎರಡು ಕೈಯಲ್ಲೂ ತಬ್ಬಿ ಹಿಡಿದ ಕಪ್ಪು ಸ್ಪೀಕರನ್ನು ಮೇಜಿನ ಮೇಲಿಟ್ಟು ಏದುಸಿರು ಬಿಡುತ್ತ ಹೇಳಿದರು, “ಫೈಲು ಕೆಟ್ಟಿತಂತೆ? ಯೋಚ್ನೆ ಮಾಡ್ಬೇಡಿ. ಮೊನ್ನೆ ನಿಮ್ಮ ಮನೆಯವರ ಹತ್ರ ಪೆನ್‌ಡ್ರೈವಿಗೆ ಹಾಕಿಸ್ಕೊಂಡಿದ್ದೆ. ಇನ್ನೂ ಕೇಳಿಲ್ಲ, ಎಲ್ಲರ ಜೊತೆ ಕೇಳೋಣ ಅಂತ ಹಾಗೇ ಇಟ್ಟಿದ್ದೀನಿ. ಯಾವ ಫೈಲೂ ಒಂದೇ ಕಡೆ ಇಡಬಾರ್ದು ಅಂತ ನೀವೇ ಹೇಳಿದ್ರಲ್ಲ!”

“ಹೇಳಿದ್ದೆ” ಎಂದು ಕಿವಿರಾಯ ಹುಳ್ಳಹುಳ್ಳಗೆ ನಕ್ಕ.

ಸಂಜೆ ಕುರ್ಚಿಗಳು ಸಾಲದೆ ಕೆಲವರು ನೆಲದ ಮೇಲೆ ಕೂತರು. ಅತ್ತೆ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಮೇಷ್ಟ್ರು ಪೆನ್‌ಡ್ರೈವ್ ಸಿಕ್ಕಿಸಿದರು. ಹಾಡು ಶುರುವಾಯಿತು. ಮೊದಲನೆಯ ಚರಣ ಮುಗಿಯಿತು. ಎರಡನೆಯದು ಬಂದದ್ದೇ ತಡ, ಕಿವಿರಾಯ ಕೆಮ್ಮತೊಡಗಿದ. ಅದು ಸಾಮಾನ್ಯ ಕೆಮ್ಮಲ್ಲ, ಕಿಟಕಿಯ ಗಾಜು ಅದುರುವ ಕೆಮ್ಮು. ಪಿಸುಮಾತು ಅದರಡಿ ಮುಚ್ಚಿಹೋಯಿತು.

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಹಾಡು ನಿಲ್ಲಿಸಿದರು. “ಪಾಪ, ಒಳ್ಳೇ ಸಾಲೇ ಹೊರಟುಹೋಯ್ತು. ಇವರಿಗೆ ನೀರು ಕೊಡಿ. ನಾನು ಸ್ವಲ್ಪ ಹಿಂದಕ್ಕೆ ಹಾಕ್ತೀನಿ. ಸದ್ದೂ ಒಂಚೂರು ಏರಿಸ್ತೀನಿ.”

ಯಾರೋ ಲೋಟವನ್ನು ಅವನ ಬಾಯಿಗೇ ಹಿಡಿದರು. ಬಾಯ್ತುಂಬ ನೀರಿಟ್ಟುಕೊಂಡ ಮನುಷ್ಯ ಕೆಮ್ಮುವುದಾದರೂ ಹೇಗೆ? ಮನೆಯಿಡೀ ತುಂಬುವಂತೆ ಅವನದೇ ದನಿ ಬಂತು.

“ಯಾರಾದ್ರೂ ಆ ಬಾಗಿಲಿಗೆ ಒಂಚೂರು ಎಣ್ಣೆ ಬಿಡ್ರಪ್ಪಾ!”

ಹಾಡು ಮುಂದುವರಿಯಿತು, ಕೇಳುವುದು ನಿಂತುಹೋಯಿತು. ಹೆಂಡತಿ ನೆಲ ನೋಡಿದಳು. ಮೇಷ್ಟ್ರು ಸ್ಪೀಕರ್ ನೋಡಿದರು. ಭೂಮಿ ಬಾಯಿ ತೆರೆದು ತನ್ನನ್ನು ನುಂಗಬಾರದೇ ಎಂದು ಕಿವಿರಾಯನಿಗೆ ಅನ್ನಿಸಿತು. ಕ್ಷಮೆ ಕೇಳಬೇಕೆಂದು ನೀರು ನುಂಗಿ ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಮಾತಾಡಿದರು.

“ಅಯ್ಯೋ, ಹೌದು! ಆ ಹಾಲ್‌ನ ಬಾಗಿಲು ಎಷ್ಟು ಕಿರುಗುಟ್ತಿತ್ತು ಅವತ್ತು! ಜನ ಓಡಾಡಿದಾಗೆಲ್ಲ ಕಿರ್ರೋ ಅಂತಿತ್ತು. ಅಷ್ಟು ಜನರಲ್ಲಿ ನನ್ನ ಹಾಡಿಗೆ ತೊಂದ್ರೆ ಆಗಬಾರ್ದು ಅಂತ ಅನ್ನಿಸಿದ್ದು ನಮ್ಮ ಅಳಿಯಂದ್ರಿಗೆ ಒಬ್ರಿಗೇ ನೋಡಿ.”

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. “ಅದಕ್ಕೇ ಕಿವಿರಾಯರು ಅನ್ನೋದು” ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಯಾರೋ ಚಪ್ಪಾಳೆಯನ್ನೂ ಹೊಡೆದರು. ಪ್ರತಿ ಹೊಗಳಿಕೆಗೂ ಅವನ ತಲೆ ಒಂದಿಷ್ಟು ಕೆಳಗಿಳಿಯಿತು. ಬೈದಿದ್ದರೇ ಚೆನ್ನಾಗಿತ್ತು.

ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ ಲೋಟ ತೊಳೆಯುತ್ತಿದ್ದರು. ಕಿವಿರಾಯ ಪಕ್ಕದಲ್ಲಿ ನಿಂತು ಒರೆಸತೊಡಗಿದ. ಏನಾದರೂ ಒಳ್ಳೆಯ ಮಾತಾಡಬೇಕು ಎನ್ನಿಸಿತು.

“ಅತ್ತೆ, ಆ ಬಾಗಿಲಿನ ಸದ್ದು ನಿಮಗೂ ಗೊತ್ತಾಗಿದ್ದು ದೊಡ್ಡ ವಿಷಯ.”

“ಅಳಿಯಂದ್ರೇ” ಎಂದರು ಅತ್ತೆ, ನಲ್ಲಿ ನಿಲ್ಲಿಸಿ, ವಾರ್ಡಿನ ತಗ್ಗಿದ ದನಿಯಲ್ಲಿ. “ಆ ಹಾಲ್‌ಗೆ ಬಾಗಿಲೇ ಇರಲಿಲ್ಲ. ಪರದೆ ಇತ್ತು.”

ಅವನ ಕೈಯಲ್ಲಿದ್ದ ಲೋಟ ಜಾರಿ ತೊಟ್ಟಿಯೊಳಗೆ ಬಿತ್ತು.

“ನೀವು ಹೇಳಿದ್ದು ಅವತ್ತೇ ಕೇಳಿಸಿತ್ತು. ಮಲಗಿರೋ ರೋಗಿ ನರಳಿದ್ದು ವಾರ್ಡಿನ ಆ ತುದಿಯಿಂದ ಕೇಳಿದ ಕಿವಿ ಇದು. ಬೇಜಾರಾಯ್ತು, ಸುಳ್ಳು ಹೇಳಲ್ಲ. ಆದ್ರೂ ಹಾಡು ಮುಗಿಸಿದೆ. ಇವತ್ತು ನಾನೇ ಕೂತು ಕೇಳಿದೆ ನೋಡಿ, ನೀವು ಹೇಳಿದ್ದು ಸರಿಯಾಗೇ ಇದೆ.”

“ಅತ್ತೆ, ನನ್ನದು ತಪ್ಪಾಯ್ತು” ಎಂದ. “ಏನು ಬೇಕಾದ್ರೂ ಹೇಳಿ, ಮಾಡ್ತೀನಿ.”

“ಮಾಡ್ತೀರಾ?” ಅತ್ತೆ ಕೈ ಒರೆಸಿಕೊಂಡರು. ಮುಖ ಅರಳಿತ್ತು. “ಮೇಲಿನ ಮೇಷ್ಟ್ರ ಮನೆಯವರು ಹಾಡು ಹೇಳಿಕೊಡ್ತಾರಂತೆ, ಈಗ ತಾನೆ ಮಾತಾಡಿದೆ. ನಾಳೆಯಿಂದ ನಾನು ಇಲ್ಲೇ ಇರ್ತೀನಿ. ಬೆಳಿಗ್ಗೆ ಬೇಗ ಎದ್ದು ಅಭ್ಯಾಸ. ನೀವು ದಿನಾ ಎದುರಿಗೆ ಕೂತು ರೆಕಾರ್ಡ್ ಮಾಡಿ, ಪೂರ್ತಿ ಕೇಳಿ, ಎಲ್ಲೆಲ್ಲಿ ಕೆಟ್ಟಿದೆ ಅಂತ ನನಗೇ ಹೇಳ್ಬೇಕು. ಜೋರಾಗಿ.”

ಅವನು ತಲೆ ಎತ್ತದೆಯೇ ಕೇಳಿದ, “ಎಷ್ಟು ದಿನ ಅತ್ತೆ?”

“ಚೆನ್ನಾಗಾಗೋವರೆಗೂ” ಎಂದರು ಅತ್ತೆ.