ಒಂದು ಸೊಂಟ, ಎರಡು ಅಪಾಯಿಂಟ್‌ಮೆಂಟು

ನಮಗೆ ಬೆನ್ನು ಎಂಬುದೊಂದು ಇದೆ ಎಂದು ಅದು ಕೈಕೊಡುವ ತನಕ ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾದದ್ದು ವಿದೇಶದ ನೇಪರ್‌ವಿಲ್ ಊರಿನ ನಮ್ಮ ಮನೆ ಮುಂದೆ ಹಿಮ ಎತ್ತಿಹಾಕುವಾಗ. ಸಲಿಕೆ ಮೇಲೆದ್ದಿತು, ನಾನು ಏಳಲಿಲ್ಲ. ಮಡಚಿದ ಕುರ್ಚಿಯಂತೆ ಹಾಗೇ ಒಳಗೆ ಬಂದೆ. ಹೆಂಡತಿ ಸುಧಾಳ ಜೊತೆ ಹರಟುತ್ತಿದ್ದ ಪಕ್ಕದ ಮನೆಯ ಆಂಟಿ, ನಾನು ನಮಸ್ಕರಿಸಲು ಬಗ್ಗಿದ್ದೇನೆಂದು ತಿಳಿದು, ತಲೆ ಮುಟ್ಟಿ, "ನೂರು ವರ್ಷ ಚೆನ್ನಾಗಿ ಬಾಳಪ್ಪ" ಎಂದು ಹರಸಿಬಿಟ್ಟರು. ಆ ಭಂಗಿಯಲ್ಲೇ ನೂರು ವರ್ಷವೇ!

"ಆಸ್ಟಿಯೋಪಥಿ ಡಾಕ್ಟರ ಹತ್ರ ಹೋಗೋಣ ರೀ," ಎಂದಳು ಸುಧಾ. "ಅವರು ಪೂರ್ತಿ ಡಾಕ್ಟರು. ಕೈಯಲ್ಲಿ ನೀವಿ ಸರಿ ಮಾಡ್ತಾರೆ, ಬೇಕಾದ್ರೆ ಮಾತ್ರೇನೂ ಬರ್ಕೊಡ್ತಾರೆ."

ಅಷ್ಟರಲ್ಲಿ ವಿಕ್ಸಮ್ ಊರಿನಿಂದ ಗೆಳೆಯ ನಜೀರನ ಫೋನು. ಹಾಸನದಲ್ಲಿ ಒಂದೇ ಬೆಂಚಿನಲ್ಲಿ ಓದಿದವರು ನಾವು. ಶನಿವಾರ ಅವನ ಮಗಳ ನಿಕಾಹ್. ಅವನಿಗೆ ಅಣ್ಣತಮ್ಮಂದಿರಿಲ್ಲ, ಬಾಗಿಲಲ್ಲಿ ನಿಂತು ಗಂಡಿನ ಕಡೆಯವರನ್ನು ಎದುರುಗೊಳ್ಳುವ ಕೆಲಸ ನನ್ನದು.

"ಆಸ್ಟಿಯೋ ಗೀಸ್ಟಿಯೋ ಬಿಡಯ್ಯಾ," ಎಂದ ನಜೀರ್, ನನ್ನ ಪಾಡನ್ನೂ ಸುಧಾಳ ಸಲಹೆಯನ್ನೂ ಕೇಳಿ. "ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ನಮ್ಮ ಭಾವ ಹೋಗೋ ಕೈರೊಪ್ರಾಕ್ಟರ್ ಇದಾನೆ, ಬೆನ್ನುಮೂಳೆ ಅದುಮಿ ಕೂರಿಸೋನು. ಕಟಕ್ ಅಂತ ಒಂದ್ಸಲ, ಅಷ್ಟೇ. ಹೀಗೇ ಬಗ್ಗಿಕೊಂಡು ಬಂದ್ರೆ, ಚಪ್ಪಲಿ ಕಾಯೋನು ಅಂದ್ಕೋತಾರೆ!"

ನನ್ನ ಸಂಕಟ ಆ 'ಕಟಕ್' ಶಬ್ದದ್ದು. ಸೌದೆ ಮುರಿದರೂ ಅದೇ ಶಬ್ದ ಬರುತ್ತದೆ. ಇತ್ತ ಸುಧಾ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು; ಅತ್ತ ನಜೀರನೂ ಅದೇ ಗುರುವಾರಕ್ಕೆ ಇನ್ನೊಂದು ತೆಗೆದುಕೊಂಡ. ಕೂರಲಾಗದೆ ಕಾರಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಹೊರಟೆ. ಪಕ್ಕದಲ್ಲಿ ಹೋಗುತ್ತಿದ್ದ ವ್ಯಾನಿನೊಳಗಿಂದ ಒಂದು ನಾಯಿ ನನ್ನನ್ನು ತನ್ನವನೆಂದು ತಿಳಿದು ಸಂತೋಷದಿಂದ ಬೊಗಳಿತು.

"ಯಾವ ಕಡೆ, ಹೇಳ್ರೀ! ಹೈವೇ ಬಿಟ್ಟು ಇಳಿಯೋ ಎಕ್ಸಿಟ್ ಬಂತು!" ಎಂದು ಕಾರು ಓಡಿಸುತ್ತಿದ್ದ ಸುಧಾ ಕೂಗಿದಳು.

"ಡ್ಯಾಡ್, ಜಸ್ಟ್ ಪಿಕ್ ಒನ್," ಎಂದಳು ಅವಳ ಪಕ್ಕ ಕೂತಿದ್ದ ನಮ್ಮ ಮಗಳು.

ಆರಿಸುವ ಧೈರ್ಯವಿಲ್ಲದೆ ಎರಡಕ್ಕೂ ಹೋದೆ. ಆಸ್ಟಿಯೋಪಥಿ ಡಾಕ್ಟರು ಹಿಟ್ಟು ನಾದುವ ಹಾಗೆ ಮೆತ್ತಗೆ ಒತ್ತಿ, "ಸಂಜೆಯೊಳಗೆ ಸಡಿಲವಾಗಬಹುದು, ವಿಶ್ರಾಂತಿ ತೆಗೆದುಕೊಳ್ಳಿ" ಎಂದರು. ಅವರಿಗೆ ತಲೆಯಾಡಿಸಿ, ವಿಶ್ರಾಂತಿಗೆಂದು ನೇರ ಕೈರೊಪ್ರಾಕ್ಟರನ ಮೇಜಿನ ಮೇಲೆ ಬೋರಲು ಮಲಗಿದೆ. ಅವನು ಸೊಂಟದ ಮೇಲೆ ಕೈಯಿಟ್ಟು ಅದುಮಿದ. ನನ್ನಡಿಯಲ್ಲಿ ಮೇಜಿನ ಒಂದು ಭಾಗ ಧಡಾರನೆ ಕೆಳಗೆ ಬಿತ್ತು. ಬಿದ್ದದ್ದು ನನ್ನ ಅರ್ಧ ದೇಹವೇ ಎಂದುಕೊಂಡು, "ಅಯ್ಯಯ್ಯಪ್ಪಾ!" ಎಂದು ಕಿರುಚಿ, ಮೇಜಿನಿಂದ ಹಾರಿ, ವೇಟಿಂಗ್ ರೂಮಿನವರೆಗೆ ಓಡಿದೆ.

"ಡ್ಯಾಡ್, ಯು ಆರ್ ಸ್ಟ್ರೇಟ್!" ಎಂದಳು ಮಗಳು.

ಹೌದು, ನೆಟ್ಟಗೆ ನಿಂತಿದ್ದೆ! ಹಿಂದೆಯೇ ಬಂದ ಕೈರೊಪ್ರಾಕ್ಟರ್, ಆ ಮೇಜು ಇರುವುದೇ ಹಾಗೆ ಇಳಿಯಲಿಕ್ಕೆ ಎಂದು ಸಮಾಧಾನ ಹೇಳಿದ. ಬೆಳಗಿನ ಡಾಕ್ಟರ ಕೈಗುಣವೆಂದು ಸುಧಾ, ಮಧ್ಯಾಹ್ನದವನದೆಂದು ಫೋನಿನಲ್ಲಿ ನಜೀರ್ ಜಗಳ ಹೂಡಿದರು. ಕಾರಣ ನನ್ನ ಪುಕ್ಕಲುತನ ಎಂದು ನಾನು ಬಾಯಿಬಿಡಲಿಲ್ಲ.

ಶನಿವಾರ ವಿಕ್ಸಮ್‌ನ ಹಾಲ್‌ನ ಬಾಗಿಲಲ್ಲಿ ಶೇರ್ವಾನಿ ತೊಟ್ಟು ಕಂಬದಂತೆ ನಿಂತೆ. ಗಂಡಿನ ಕಡೆಯ ಹಿರಿಯರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಿರಿಯಾನಿ ತಿಂದದ್ದೂ ನಿಂತುಕೊಂಡೇ. ನಜೀರ್ ನನ್ನ ಕೈ ಹಿಡಿದು, "ಒಂದು ಗಳಿಗೆಯೂ ಕೂರಲಿಲ್ವಲ್ಲೋ, ಸ್ವಂತ ತಮ್ಮನೂ ಹೀಗೆ ಮಾಡ್ತಿರಲಿಲ್ಲ," ಎಂದು ಕಣ್ಣೊರೆಸಿಕೊಂಡ. ನಾನು ವಿನಯದಿಂದ ಮುಗುಳ್ನಕ್ಕೆ. ಕೂತರೆ ಮತ್ತೆ ಏಳುತ್ತೇನೆಂಬ ನಂಬಿಕೆ ನನಗಿರಲಿಲ್ಲ ಎಂದು ಅಂಥ ಹೊತ್ತಿನಲ್ಲಿ ಹೇಗೆ ಹೇಳುವುದು?