ನಲವತ್ತೊಂದು ನಿಮಿಷದ ಡಿಸ್ಕು

ಇಂದ:
ಕಂಪ್ಯೂಟರ್ ಆಪರೇಟರ್ (ತಾತ್ಕಾಲಿಕ, ಒಂಬತ್ತನೆಯ ವರ್ಷ),
ಹಳೆಯ ಸ್ಕ್ಯಾನ್ ಚಿತ್ರಗಳ ಕೊಠಡಿ, ನೆಲಮಾಳಿಗೆ,
ದೊಡ್ಡಾಸ್ಪತ್ರೆ.

ಗೆ:
ಮಾನ್ಯ ಅಧ್ಯಕ್ಷರು,
ವೇಗದ ಹಾರ್ಡ್ ಡಿಸ್ಕಿಗೆ ಹೆಚ್ಚಿನ ಬೆಲೆ ತೆರುವುದು ಸೂಕ್ತವೇ ಎಂಬುದರ ಪರಿಶೀಲನಾ ಸಮಿತಿ,
ಎರಡನೆಯ ಮಹಡಿ (ಎ.ಸಿ. ಇರುವ ಕಡೆ).

ವಿಷಯ: ವೇಗದ ಡಿಸ್ಕು ಬೇಕೋ ಬೇಡವೋ ಎಂಬ ತಮ್ಮ ಪರಿಶೀಲನೆ ಮುಗಿಯುವವರೆಗೆ ನನ್ನ ಚಿಕ್ಕಮ್ಮನ ಬಗ್ಗೆ ಮಾಡಿಕೊಡಬೇಕಾದ ಮಧ್ಯಂತರ ವ್ಯವಸ್ಥೆ ಕುರಿತು.

ಉಲ್ಲೇಖ: (ಅ) ಕಳೆದ ವರ್ಷ ನಾನು ಕೊಟ್ಟ ಅರ್ಜಿ. (ಆ) ಸದರಿ ಅರ್ಜಿ ಕಾಣೆಯಾಗಿದೆ ಎಂಬ ತಮ್ಮ ಪತ್ರ. (ಇ) ಕಾಣೆಯಾದ ಅರ್ಜಿಯಲ್ಲಿ ಎಡಗಡೆ ಸಾಕಷ್ಟು ಅಂಚು ಬಿಟ್ಟಿಲ್ಲ ಎಂಬ ತಮ್ಮ ಇನ್ನೊಂದು ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಸಲ ಎಡಗಡೆ ಧಾರಾಳವಾಗಿ ಅಂಚು ಬಿಟ್ಟು, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಈ ಆಸ್ಪತ್ರೆಯಲ್ಲಿ ತೆಗೆದ ಹಳೆಯ ಸ್ಕ್ಯಾನ್ ಚಿತ್ರಗಳೆಲ್ಲ ನನ್ನ ಮೇಜಿನ ಮೇಲಿರುವ ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಚಿತ್ರವನ್ನು ಫಿಲ್ಮಿನಲ್ಲಿ ಅಚ್ಚು ಹಾಕಿ ರೋಗಿಯ ಕೈಗೆ ಕೊಡುವ ಪದ್ಧತಿಯನ್ನು ಮಿತವ್ಯಯದ ಕಾರಣ ನಿಲ್ಲಿಸಲಾಗಿರುವುದು ತಮಗೆ ಗೊತ್ತೇ ಇದೆ. ನಿಲ್ಲಿಸಿದವರು ತಾವೇ. ಒಬ್ಬರ ತಲೆಯ ಪೂರ್ತಿ ಚಿತ್ರ ಈ ಡಿಸ್ಕಿನಿಂದ ತೆರೆದುಕೊಳ್ಳಲು ನಲವತ್ತೊಂದು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನಾನು ಊಟ ಮುಗಿಸಿ, ಡಬ್ಬಿ ತೊಳೆದು, ಲಿಫ್ಟಿನವರ ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತೆಂದು ವಿಚಾರಿಸಿಕೊಂಡು ಬರುತ್ತಿದ್ದೆ. ಆ ಮಾತುಕತೆ ಮುಗಿದು, ಮದುವೆಯಾಗಿ, ಈಗ ಆಕೆಯ ಮಗು ಅಂಬೆಗಾಲಿಡುತ್ತಿದೆ. ಡಿಸ್ಕು ಮಾತ್ರ ಇದ್ದ ಹಾಗೇ ಇದೆ.

2. ಸದರಿ ಡಿಸ್ಕಿನಲ್ಲಿ ನನ್ನ ಚಿಕ್ಕಮ್ಮನ ತಲೆಯೂ ಇದೆ. ಎಡಗಣ್ಣಿನ ಹಿಂದೆ ಅವಳಿಗೊಂದು ಗಡ್ಡೆ. ನನಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಅಂದಿನಿಂದ ಹೊಲಿಗೆ ಯಂತ್ರ ತುಳಿದು ನನ್ನನ್ನು ಸಾಕಿ, ಓದಿಸಿ, ತಮ್ಮ ನೆಲಮಾಳಿಗೆಗೆ ತಲುಪಿಸಿದವಳು ಇವಳೇ. ಈಗ ಅವಳಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಆದಕಾರಣ ನಾನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಬರುತ್ತೇನೆ. ಗಡ್ಡೆ ನೋಡುವ ಡಾಕ್ಟರಮ್ಮ ನನ್ನೆದುರೇ ಹೇಳಿದ್ದಾರೆ:

"ಹೋದ ವರ್ಷಕ್ಕಿಂತ ಬೆಳೆದಿದ್ರೆ ಆಪರೇಷನ್ ಮಾಡ್ಲೇಬೇಕು. ಬೆಳೆದಿಲ್ಲ ಅಂದ್ರೆ ಮುಟ್ಟೋದೇ ತಪ್ಪು, ಇರೋ ದೃಷ್ಟೀನೂ ಹೋಗ್ಬಿಡುತ್ತೆ. ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡದೆ ನಾನು ಕೈ ಹಾಕಲ್ಲಪ್ಪ."

ಹೊಸ ಚಿತ್ರ ಸ್ಕ್ಯಾನ್ ಯಂತ್ರದಲ್ಲೇ ಸಿದ್ಧವಿದೆ. ಹಳೆಯದು ತೆರೆಯಬೇಕು. ಇಷ್ಟೇ ಕೆಲಸ.

3. ಡಾಕ್ಟರಮ್ಮ ಹಳೆಯ ಚಿತ್ರಗಳನ್ನು ನೋಡಲು ಕೂರುವುದು ಪ್ರತಿ ಮಂಗಳವಾರ ಹತ್ತರಿಂದ ಹತ್ತೂವರೆಯವರೆಗೆ. ಆಮೇಲೆ ಅವರು ಆಪರೇಷನ್ ಕೋಣೆ ಸೇರಿದರೆ ಕತ್ತಲಾದ ಮೇಲೆಯೇ ಹೊರಗೆ ಬರುವುದು. ಮೂವತ್ತು ನಿಮಿಷದೊಳಗೆ ನಲವತ್ತೊಂದು ನಿಮಿಷವನ್ನು ಹೇಗೆ ತುರುಕುವುದೆಂದು ನನಗೆ ತಿಳಿಯದು, ಲೆಕ್ಕಾಧಿಕಾರಿಗಳಿಗೆ ತಿಳಿದಿರಬಹುದು.

ಮೊದಲನೆಯ ಮಂಗಳವಾರ ಚಿತ್ರ ಹಣೆಯವರೆಗೆ ಬಂತು. ಎರಡನೆಯ ಮಂಗಳವಾರ ಹುಬ್ಬಿನವರೆಗೆ ಬಂತು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಚಿಕ್ಕಮ್ಮ, "ಅಲ್ವೋ, ನಿನ್ನ ಡಿಸ್ಕೇನು ತುಂಬು ಬಸುರೀನಾ, ಒಂದೊಂದೇ ಹೆಜ್ಜೆ ಇಡೋಕೆ?" ಎಂದು ಕೇಳಿದಳು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮುಂಚೆಯೇ ತೆರೆದಿಟ್ಟುಕೊಳ್ಳಬಾರದಿತ್ತೇ ಎಂದು ತಾವು ಕೇಳಬಹುದು. ತೆರೆದಿಟ್ಟುಕೊಂಡಿದ್ದೆ, ಸ್ವಾಮಿ. ಮೂರನೆಯ ಮಂಗಳವಾರ, ರಾತ್ರಿ ಕರೆಂಟು ತೆಗೆದು ಬೀಗ ಹಾಕಿದ ಕೊಠಡಿಯನ್ನು ತೆರೆಯುವ ಒಂಬತ್ತೂಕಾಲಿಗೇ ಬಂದು ಶುರು ಮಾಡಿದೆ. ಒಂಬತ್ತು ಐವತ್ತಕ್ಕೆ ಚಿತ್ರ ಮೂಗಿನ ಬುಡ ಮುಟ್ಟಿತ್ತು. ಆಗ, ದಿನದ ಪದ್ಧತಿಯಂತೆ, ಲೆಕ್ಕಾಧಿಕಾರಿಗಳು ಬಂದು, ಮುನ್ನೂರು ಜನ ಸಿಬ್ಬಂದಿಯ ಹಾಜರಾತಿ ತುಂಬಲು ಕುಳಿತರು. ಹಾಜರಾತಿಯೂ ಇದೇ ಡಿಸ್ಕಿನಲ್ಲಿದೆ. ಇನ್ನೊಂದು ಡಿಸ್ಕು ಕೊಳ್ಳುವುದು ದುಂದು ಎಂದು ಅವರೇ ಅಲ್ಲಿಗೆ ಸೇರಿಸಿದ್ದು. "ಸಾರ್, ಹತ್ತೇ ನಿಮಿಷ ತಡೀರಿ, ನಮ್ಮ ಚಿಕ್ಕಮ್ಮನ ಚಿತ್ರ ಬರ್ತಾ ಇದೆ" ಎಂದೆ. "ಚಿಕ್ಕಮ್ಮ ಆದ್ರೇನು, ದೊಡ್ಡಮ್ಮ ಆದ್ರೇನು? ಹತ್ತು ಗಂಟೆ ದಾಟಿದ್ರೆ ಎಲ್ರಿಗೂ ಗೈರುಹಾಜರಿ ಬೀಳುತ್ತೆ ಕಣಯ್ಯ" ಎಂದು ಗುಂಡಿ ಒತ್ತಿದರು. ಡಿಸ್ಕು ಒಮ್ಮೆ ಕರ್ರ್ ಎಂದು ನಿಂತೇಹೋಯಿತು. ಚಿಕ್ಕಮ್ಮನ ಚಿತ್ರ ಮತ್ತೆ ನೆತ್ತಿಯಿಂದ ಶುರುವಾಯಿತು. ಅಂದು ಮುನ್ನೂರು ಜನರೂ ಹಾಜರಿದ್ದರೆಂದು ದಾಖಲಾಗಿದೆ. ಹೋದ ವರ್ಷ ನಿವೃತ್ತರಾದ ಇಬ್ಬರೂ ಅದರಲ್ಲಿ ಸೇರಿದ್ದಾರೆ.

4. ಇನ್ನು ತಮ್ಮ ಸಮ್ಮುಖದಲ್ಲಿ ನಡೆದ ಪರೀಕ್ಷೆಯ ವಿಷಯ. ಅಂಗಡಿಯವನೊಬ್ಬ ವೇಗದ ಡಿಸ್ಕೊಂದನ್ನು ಒಂದು ದಿನದ ಮಟ್ಟಿಗೆ ನೋಡಲು ಕೊಟ್ಟಿದ್ದ. ಬೆಲೆ ಸಾಧಾರಣ ಡಿಸ್ಕಿನ ನಾಲ್ಕರಷ್ಟು. ಸಮಿತಿಯ ಮೂವರೂ, ಅಂದರೆ ತಾವು, ಲೆಕ್ಕಾಧಿಕಾರಿಗಳು ಮತ್ತು ಉಗ್ರಾಣದ ಮೇಲ್ವಿಚಾರಕರು, ನೆಲಮಾಳಿಗೆಗೆ ದಯಮಾಡಿಸಿದಿರಿ. ನಾನು ನಿಂತುಕೊಂಡೆ, ಏಕೆಂದರೆ ಕುರ್ಚಿಗಳು ಮೂರೇ ಇದ್ದವು. ಹಿಂದಿನ ದಿನವೇ ಒಬ್ಬರ ತಲೆಯ ಚಿತ್ರವನ್ನು ಹೊಸ ಡಿಸ್ಕಿಗೂ ಇಳಿಸಿಟ್ಟಿದ್ದೆ.

ಹೊಸ ಡಿಸ್ಕಿನ ಪೆಟ್ಟಿಗೆಯಲ್ಲೇ ಅದಕ್ಕೆಂದು ಮಾಡಿದ ವೈರು ಇತ್ತು. ಅದನ್ನು ಉಗ್ರಾಣದ ಮೇಲ್ವಿಚಾರಕರು, ಬಿಡಿ ಸಾಮಾನು ಕಳೆದುಹೋಗುತ್ತದೆಂದು, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಳೆಯ ಡಿಸ್ಕಿಗಿದ್ದ ಹನ್ನೊಂದು ವರ್ಷದ ವೈರನ್ನೇ ಕಿತ್ತು ಹೊಸದಕ್ಕೆ ಸಿಕ್ಕಿಸಿದರು.

"ಸಾರ್, ಈ ವೈರಲ್ಲಿ ವೇಗ ಬರಲ್ಲ. ಪೆಟ್ಟಿಗೇಲಿರೋದು ಹಾಕಿದ್ರೆ ನಾಲ್ಕೇ ನಿಮಿಷ" ಎಂದು ಅಂಗಡಿಯವನು ಬಾಯಿ ಬಡಿದುಕೊಂಡ.

"ಹಳೇ ವೈರು ಕೆಟ್ಟಿದೆ ಅಂತ ಪ್ರಮಾಣಪತ್ರ ಬರೋವರೆಗೂ ಹೊಸದನ್ನ ಮುಟ್ಟೋ ಹಾಗಿಲ್ಲ" ಎಂದರು ಮೇಲ್ವಿಚಾರಕರು.

"ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ನಾನು ಕೇಳಿದೆ.

"ಹೊಸದು ಹಾಕಿ ಹೋಲಿಸಿ ನೋಡಿದ್ರೆ ಗೊತ್ತಾಗುತ್ತೆ."

ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅಂದಿದ್ದರೆ ನನ್ನ ಹತ್ತನೆಯ ತಾತ್ಕಾಲಿಕ ವರ್ಷಕ್ಕೆ ಕುತ್ತು ಬರುತ್ತಿತ್ತು.

ತಾವು ಕೈಗಡಿಯಾರ ಹಿಡಿದು ಕುಳಿತಿರಿ. ಬಿಸ್ಕತ್ತು ಬಂತು, ಚಹಾ ಬಂತು, ಎರಡನೆಯ ಸಲವೂ ಚಹಾ ಬಂತು. ಹೊಸ ಡಿಸ್ಕು ಮೂವತ್ತೊಂಬತ್ತು ನಿಮಿಷ ತೆಗೆದುಕೊಂಡಿತು. ಲೆಕ್ಕಾಧಿಕಾರಿಗಳು ಕಾಗದದ ಮೇಲೆ ಭಾಗಿಸಿ ನೋಡಿ, "ಎರಡು ನಿಮಿಷ ಉಳಿಸೋಕೆ ಇಷ್ಟೊಂದು ದುಡ್ಡಾ! ಜನಕ್ಕೆ ಎರಡು ನಿಮಿಷ ಕಾಯೋ ತಾಳ್ಮೆ ಇಲ್ವಾ?" ಎಂದರು. ಓಡುವ ಕುದುರೆಯ ಕಾಲು ಕಟ್ಟಿ, ಇದು ಓಡುವುದಿಲ್ಲ ಎಂದು ಷರಾ ಬರೆದ ಹಾಗಾಯಿತು. ಅಂಗಡಿಯವನು ಡಿಸ್ಕನ್ನು ಎತ್ತಿಕೊಂಡು ಹೋದ. ವೈರು ಇನ್ನೂ ಬೀರುವಿನಲ್ಲೇ ಇದೆ. ಅದನ್ನು ಹಿಂತಿರುಗಿಸಲು ಬೇರೆ ಅರ್ಜಿ ಬೇಕಂತೆ.

5. ಆದಾಗ್ಯೂ ನಾನು ಸುಮ್ಮನಿರಲಾರದೆ, ಹೆಚ್ಚಿನ ಬೆಲೆಯನ್ನು ನಾನೇ ಕೈಯಿಂದ ಕಟ್ಟುತ್ತೇನೆ ಎಂದು ಬರೆದುಕೊಟ್ಟೆ. ವೇಗದ ಡಿಸ್ಕಿಗೆ ಅಷ್ಟು ಬೆಲೆ ತಕ್ಕದ್ದೇ ಎಂಬ ಪ್ರಶ್ನೆಯನ್ನು ನನ್ನ ಮಟ್ಟಿಗೆ ನಾನು ಅರ್ಧ ನಿಮಿಷದಲ್ಲಿ ತೀರ್ಮಾನಿಸಿದ್ದೆ. ಅದಕ್ಕೆ ಉತ್ತರವಾಗಿ ಎರಡು ಪತ್ರಗಳು ಬಂದವು. ಖಾಸಗಿ ವಸ್ತುವನ್ನು ಆಸ್ಪತ್ರೆಯ ಯಂತ್ರಕ್ಕೆ ತಗುಲಿಸುವುದು ಅಪರಾಧವೆಂದು ಒಂದು. ತಾತ್ಕಾಲಿಕ ನೌಕರನಾದ ನಿನಗೆ ಅಷ್ಟು ಹಣ ಎಲ್ಲಿಂದ ಬಂತೆಂದು ಇನ್ನೊಂದು. ಎರಡನೆಯ ಪತ್ರ ಮಾತ್ರ ಒಂದೇ ದಿನದಲ್ಲಿ ಎರಡನೆಯ ಮಹಡಿಯಿಂದ ಇಳಿದು ಬಂತು. ಮನಸ್ಸು ಮಾಡಿದರೆ ತಮ್ಮ ಕಚೇರಿಯೂ ಎಷ್ಟು ವೇಗವಾಗಿ ಓಡಬಲ್ಲದೆಂದು ತಿಳಿದು ಸಂತೋಷವಾಯಿತು.

6. ಸಮಿತಿಯ ತೀರ್ಮಾನ ನಿನ್ನೆ ಕೈಸೇರಿತು: "ಹೆಚ್ಚಿನ ಬೆಲೆ ಸೂಕ್ತವೆಂದು ಹೇಳಲು ಬಾರದು, ಸೂಕ್ತವಲ್ಲವೆಂದೂ ಹೇಳಲು ಬಾರದು. ಆರು ತಿಂಗಳ ನಂತರ ಮರುಪರಿಶೀಲಿಸತಕ್ಕದ್ದು." ಅಡ್ಡಗೋಡೆಯ ಮೇಲೆ ದೀಪ ಇಡಲು ಮೂರು ಜನ, ಒಂದು ವರ್ಷ!

ಹೊಟ್ಟೆ ಉರಿಯುತ್ತದೆ, ಸ್ವಾಮಿ. ಮೊನ್ನೆ ಭಾನುವಾರ ಚಿಕ್ಕಮ್ಮ ನನ್ನ ಅಂಗಿಯ ಹರಿದ ಜೇಬು ಸರಿಮಾಡಿದಳು. ಸಣ್ಣ ಸಣ್ಣ ಹೊಲಿಗೆ, ಬಲು ಗಟ್ಟಿ. ಜೇಬಿನ ಬಾಯಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾಳೆ. "ಹೆಂಗಿದೆಯೋ?" ಎಂದು ಕೇಳಿದಳು. "ಹೊಸದರ ಹಾಗಿದೆ ಚಿಕ್ಕಮ್ಮ" ಎಂದೆ. ಇವತ್ತು ಅದೇ ಅಂಗಿ ತೊಟ್ಟು ಬಂದಿದ್ದೇನೆ. ಪೆನ್ನನ್ನು ಕೈಯಲ್ಲೇ ಹಿಡಿದು ತಿರುಗುತ್ತಿದ್ದೇನೆ. ಆರು ತಿಂಗಳು ಕಾಯುವ ತಾಳ್ಮೆ ನನಗಿದೆ, ಅವಳಿಗೂ ಇದೆ. ಗಡ್ಡೆಗೆ ಇದೆಯೋ ಇಲ್ಲವೋ ಗೊತ್ತಿಲ್ಲ.

ಆದ್ದರಿಂದ, ಸಮಿತಿಯು ತೀರ್ಮಾನಕ್ಕೆ ಬಾರದಿರುವ ಕಾರಣ, ಹಾಗೂ ಈ ಆಸ್ಪತ್ರೆಯಲ್ಲಿ ತಮ್ಮ ಆದೇಶವಿಲ್ಲದೆ ಒಂದು ವೈರು ಸಹ ಅಲುಗಾಡದಿರುವ ಕಾರಣ, ನನ್ನ ಚಿಕ್ಕಮ್ಮನ ಎಡಗಣ್ಣಿನ ಹಿಂದೆ ಅನಧಿಕೃತವಾಗಿ ವಾಸವಾಗಿರುವ ಸದರಿ ಗಡ್ಡೆಯು, ಮುಂದಿನ ಆರು ತಿಂಗಳು ಅಥವಾ ಸಮಿತಿಯ ಅಂತಿಮ ತೀರ್ಮಾನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ, ಎಳ್ಳಷ್ಟೂ ಬೆಳೆಯಕೂಡದೆಂದು ತಡೆಯಾಜ್ಞೆ ಹೊರಡಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ. ಆದೇಶ ಮೀರಿ ಬೆಳೆದಲ್ಲಿ, ಹಣ ಎಲ್ಲಿಂದ ಬಂತೆಂದು ನನ್ನನ್ನು ಕೇಳಿದಷ್ಟೇ ಚುರುಕಾಗಿ ಅದಕ್ಕೂ ಕಾರಣ ಕೇಳುವ ನೋಟಿಸು ಕೊಡಬೇಕು.

ಇನ್ನೂ ತಾಳ್ಮೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಕಂಪ್ಯೂಟರ್ ಆಪರೇಟರ್
(ಸಹಿ ಸೊಟ್ಟಗಿದ್ದರೆ ಮನ್ನಿಸಬೇಕು, ನಿಂತೇ ಬರೆದದ್ದು)

ಲಗತ್ತುಗಳು:
ಚಿಕ್ಕಮ್ಮನ ಹೊಸ ಚಿತ್ರ (ಫಿಲ್ಮು ಇಲ್ಲದ ಕಾರಣ ಸಾದಾ ಕಾಗದದ ಮೇಲೆ), ಪ್ರತಿ ಒಂದು.
ಚಿಕ್ಕಮ್ಮನ ಹಳೆಯ ಚಿತ್ರ: ತೆರೆದುಕೊಳ್ಳುತ್ತಿದೆ, ಸದ್ಯ ಕಿವಿಯ ಮೇಲ್ತುದಿಯವರೆಗೆ ಬಂದಿದೆ. ಉಳಿದದ್ದನ್ನು ಪ್ರತ್ಯೇಕವಾಗಿ ಸಲ್ಲಿಸಲಾಗುವುದು.
ಹಣದ ಮೂಲದ ಬಗ್ಗೆ ನನ್ನ ವಿವರಣೆ: ಚಿಕ್ಕಮ್ಮ ಹೊಲಿಗೆ ಯಂತ್ರ ಮಾರಲು ಒಪ್ಪಿದ್ದಾಳೆ.

ಕೊನೆಯದಾಗಿ, ಸದರಿ ತಡೆಯಾಜ್ಞೆಯನ್ನು ಆದಷ್ಟು ದಪ್ಪ ಅಕ್ಷರಗಳಲ್ಲಿ ಟೈಪು ಮಾಡಿಸಬೇಕಾಗಿ ವಿನಂತಿ. ಗಡ್ಡೆಗೋಸ್ಕರ ಅಲ್ಲ. ಅದು ಚಿಕ್ಕಮ್ಮನ ವಿಳಾಸಕ್ಕೆ ಬರುತ್ತದೆ, ತನ್ನ ಕಾಗದವನ್ನು ತಾನೇ ಓದಬೇಕೆನ್ನುವ ಹಟ ಅವಳದು.