ಕ್ಯಾಂಪರ್ ವ್ಯಾನಿನಲ್ಲಿ ಬಾಣಂತನಕ್ಕೆ ಕೂತ ಬೆಕ್ಕಮ್ಮನವರಿಗೆ

ಮಾನ್ಯ ಬೆಕ್ಕಮ್ಮನವರಿಗೆ,
ಹಿಂಬದಿಯ ಹಾಸಿಗೆ, ನಮ್ಮ ಕ್ಯಾಂಪರ್ ವ್ಯಾನ್,
ಪಾರ್ಕ್‌ಲ್ಯಾಂಡ್ಸ್, ನೈರೋಬಿ.

ಮಾನ್ಯರೇ,

ತಮಗೂ ತಮ್ಮ ಮೂವರು ನವಜಾತ ಮಕ್ಕಳಿಗೂ ಈ ಬಡಪಾಯಿ ವಾಹನ ಮಾಲೀಕನ ಸವಿನಯ ವಂದನೆಗಳು. ನಾನು ಕಡಲ ಪ್ರವಾಸಕ್ಕೆಂದು ಹೊಸದಾಗಿ ಕೊಂಡ ಹಾಸಿಗೆಯ ಮೇಲೆ ತಾವು ಸಪರಿವಾರ ಪವಡಿಸಿರುವುದನ್ನು ಕಿಟಕಿಯ ಗಾಜಿನಿಂದ ನೋಡಿ ಸಂತೋಷಪಟ್ಟೆ. ಗಾಜಿನಿಂದಲೇ ನೋಡಬೇಕಾಯಿತು, ಏಕೆಂದರೆ ಬಾಗಿಲು ತೆರೆದರೆ ತಾವು ಹಲ್ಲು ತೋರಿಸುತ್ತೀರಿ, ಮತ್ತು ಅದು ನಗೆಯಲ್ಲವೆಂಬುದನ್ನು ನನ್ನ ಬಲಗೈ ಚೆನ್ನಾಗಿ ಬಲ್ಲದು.

ತಾವು ಈ ವಾಹನಕ್ಕೆ ದಯಮಾಡಿಸಿದ್ದು ಹೇಗೆಂದು ನಾನು ಬಹಳ ಯೋಚಿಸಿದೆ. ಇಂಥ ವ್ಯಾನನ್ನು ಮಳೆಗಾಲಕ್ಕೆ ನಿಲ್ಲಿಸಿಡುವಾಗ ಒಳಗೆ ಒಂದು ಬಿಸ್ಕತ್ತಿನ ಚೂರನ್ನೂ ಬಿಡಬಾರದೆಂದು ತಿಳಿದವರೆಲ್ಲ ಹೇಳುತ್ತಾರೆ. ಆದರೆ ನಾವು ಮಂಗಳೂರಿನವರು. ಮಳೆಗಾಲ ಬಂತೆಂದರೆ ಒಣಮೀನು ಕೂಡಿಡದೆ ನಮಗೆ ನಿದ್ದೆ ಬರುವುದಿಲ್ಲ. ಪಕ್ಕದ ಫ್ಲ್ಯಾಟಿನ ಶಾಕಾಹಾರಿ ದಂಪತಿ ಒಣ ಬಂಗುಡೆಯ ವಾಸನೆಗೆ ಮೂಗು ಮುಚ್ಚಿಕೊಂಡು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದ್ದರಿಂದ, ನಾನು ಊರಿನಿಂದ ತಂದ ಅಷ್ಟೂ ಮೀನು, ಸಿಗಡಿಗಳನ್ನು ಇಲ್ಲಿಯ ಏಪ್ರಿಲ್ ಮಳೆಗೆ ಮುಂಚೆಯೇ ವ್ಯಾನಿನೊಳಗೆ ಸಾಗಿಸಿದೆ. ವಾಸನೆ ಹೊರಗೆ ಹೋಗಲೆಂದು ಮಾಡಿನ ಗಾಳಿಕಿಂಡಿಯನ್ನು ಸ್ವಲ್ಪ ತೆರೆದಿಟ್ಟೆ. ವಾಸನೆ ಹೊರಗೆ ಹೋಯಿತು, ತಾವು ಒಳಗೆ ಬಂದಿರಿ. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಇಡೀ ಬೀದಿಗೆ ಔತಣದ ಕರೆಯೋಲೆ ಕಳಿಸಿ, ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಇಲ್ಲಿಯ ಜುಲೈ ತಿಂಗಳ ಚಳಿ ಕಳೆದ ಮೇಲೆ, ಕಳೆದ ಭಾನುವಾರ, ನಾನು ಫುಂಡಿ ಡೇವಿಡ್ ಅವರನ್ನು ಕರೆಸಿದೆ. ಈ ಊರಿನಲ್ಲಿ ಕೈಕೆಲಸದವರಿಗೆಲ್ಲ ಫುಂಡಿ ಎನ್ನುತ್ತಾರೆಂಬುದು ಇಲ್ಲೇ ಹುಟ್ಟಿ ಬೆಳೆದ ತಮಗೆ ನಾನು ಹೇಳಬೇಕಾಗಿಲ್ಲ. ಅವರು ಬ್ಯಾಟರಿಗೆ ಜೀವ ತುಂಬಿದರು, ಟೈರುಗಳಿಗೆ ಗಾಳಿ ಹೊಡೆದರು, ನೀರಿನ ಟ್ಯಾಂಕನ್ನು ವಾಸನೆ ಹೋಗುವವರೆಗೆ ತೊಳೆದರು, ಗ್ಯಾಸಿನ ಕೊಳವೆ ಬದಲಿಸಿದರು. ಕೊನೆಗೆ ಹಿಂದಿನ ಪರದೆ ಸರಿಸಿ ಒಮ್ಮೆ ಇಣುಕಿದವರು ಹಿಂದೆ ಸರಿದು, ‘ಪೋಲೆ ಸಾನಾ’ ಎಂದು ನನಗೆ ಸಂತಾಪ ಹೇಳಿ, ಕೈ ತೊಳೆದುಕೊಂಡು ಹೊರಟೇಹೋದರು.

ಮಾನ್ಯರೇ, ತಮ್ಮ ಆಯ್ಕೆಯನ್ನು ಮೆಚ್ಚದೆ ವಿಧಿಯಿಲ್ಲ. ಗಾಳಿ, ಬೆಳಕು, ಮೆತ್ತನೆಯ ಹಾಸಿಗೆ, ಕೈಗೆಟುಕುವಲ್ಲಿ ಬಂಗುಡೆ, ಬಾಗಿಲಲ್ಲಿ ಕಾವಲಿಗೆ ಅಪಾರ್ಟ್‌ಮೆಂಟಿನ ಅಸ್ಕಾರಿ. ಇಷ್ಟೆಲ್ಲ ಅನುಕೂಲವಿರುವ ಹೆರಿಗೆ ವಾರ್ಡು ಈ ನಗರದಲ್ಲಿ ಬೇರೆ ಇರಲಾರದು. ಆ ಅಸ್ಕಾರಿ ನನಗೆ ಎಂದೂ ಸಲಾಮು ಹೊಡೆದವನಲ್ಲ, ಈಗ ತಮಗೆ ದಿನವೂ ಹಾಲು ತರುತ್ತಾನೆ.

ಆದರೂ ನನ್ನ ಸಂಕಟವನ್ನು ತಾವು ಕೇಳಬೇಕು. ನನ್ನ ಹೆಂಡತಿ ಪೆಟ್ರೊನಿಲ್ಲಾ ಉಳ್ಳಾಲದ ಕಡಲಂಚಿನಲ್ಲಿ ಬೆಳೆದವಳು. ಇಲ್ಲಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಹಿರಿಯ ದಾದಿ. ಯಾರದೋ ಹೆರಿಗೆಗಾಗಿ ಅವಳ ರಜೆ ಪ್ರತಿವರ್ಷವೂ ರದ್ದಾಗುತ್ತದೆ. ಈ ಸಲ ಶನಿವಾರದಿಂದ ಒಂದು ವಾರ ರಜೆ ಸಿಕ್ಕಿದೆ. ಡಿಯಾನಿಯ ಮರಳ ಬದಿಯಲ್ಲಿ ವ್ಯಾನ್ ನಿಲ್ಲಿಸಿ, ತೆರೆಗಳ ಸದ್ದು ಕೇಳುತ್ತಾ ಮಲಗಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಇದನ್ನು ಬರೆಯುವಾಗ ನಾನು ತಮಾಷೆ ಮಾಡುತ್ತಿಲ್ಲ. ಕಡಲ ಸುದ್ದಿ ಬಂದರೆ ಅವಳ ಮುಖ ಅರಳುವುದನ್ನು ನೋಡಲು ನನಗೆ ಬಹಳ ಇಷ್ಟ.

ಹಾಗಾಗಿ ತಮ್ಮನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಗೌರವದಿಂದ ಅಸ್ಕಾರಿಯ ಕೋಣೆಗೆ ಸ್ಥಳಾಂತರಿಸೋಣವೆಂದು ಸೂಚಿಸಿದೆ. ಪೆಟ್ರೊನಿಲ್ಲಾ ನನ್ನನ್ನು ವಾರ್ಡಿಗೆ ಚಪ್ಪಲಿ ಹಾಕಿಕೊಂಡು ಬಂದವನಂತೆ ನೋಡಿದಳು. ‘ನಮ್ಮಲ್ಲಿ ಬಾಣಂತಿಯನ್ನು ನಲವತ್ತು ದಿನ ಹೊಸ್ತಿಲು ದಾಟಿಸ್ಲಿಕ್ಕಿಲ್ಲ. ನಿಮಗೆ ಗೊತ್ತಿಲ್ವಾ?’ ಎಂದಳು. ನಾನು ಗೋಗರೆದ ಮೇಲೆ ಕೊಂಚ ಇಳಿದು, ‘ಮರಿಗಳು ಕಣ್ಣು ಬಿಡ್ಲಿ, ಮತ್ತೆ ನೋಡುವ. ಅಷ್ಟರವರೆಗೆ ಡಿಸ್ಚಾರ್ಜ್ ಇಲ್ಲ’ ಎಂದು ತೀರ್ಪು ಕೊಟ್ಟಳು. ಆರನೇ ತರಗತಿಯ ಮಗಳು ಲವಿನಾ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು, ‘ಡ್ಯಾಡ್, ಶೀ ಈಸ್ ಫ್ಯಾಮಿಲಿ ನೌ’ ಎಂದುಬಿಟ್ಟಳು. ಅಂದಿನಿಂದ ವ್ಯಾನಿನ ಕಿಟಕಿಗಳಿಗೆ ತಮಗೆ ಶೀತವಾಗದಂತೆ ನನ್ನ ಪಂಚೆಗಳನ್ನು ಕಟ್ಟಲಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಚಿಕ್ಕದು. ತಮ್ಮ ಮಕ್ಕಳು ದಯವಿಟ್ಟು ಶುಕ್ರವಾರ ಸಂಜೆಯೊಳಗೆ ಕಣ್ಣು ಬಿಡುವಂತೆ ತಾವು ತಾಕೀತು ಮಾಡಬೇಕು. ಮೂವರಿಗೂ ಸಾಧ್ಯವಾಗದಿದ್ದರೆ ಒಬ್ಬರಾದರೂ ಬಿಡಲಿ, ಉಳಿದವರ ಪರವಾಗಿ ನಾನು ಮಾತಾಡಿಕೊಳ್ಳುತ್ತೇನೆ. ಅದೂ ಆಗದಿದ್ದರೆ ತಾವೇ ವ್ಯಾನನ್ನು ಡಿಯಾನಿಗೆ ಓಡಿಸಬಹುದು. ಮೊಂಬಾಸಾ ರಸ್ತೆಯ ಲಾರಿಗಳು ನನ್ನ ಹಾರ್ನಿಗೆ ಸರಿಯುವುದಿಲ್ಲ, ತಮ್ಮ ಗುರುಗುಟ್ಟುವಿಕೆಗೆ ಖಂಡಿತ ಸರಿದಾವು.

ತಮ್ಮ ಉತ್ತರಕ್ಕಾಗಿ ಪಾರ್ಕಿಂಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದಿರುವ,

ತಮ್ಮ ವಿಶ್ವಾಸಿ, ವ್ಯಾನಿನ ಮಾಜಿ ಮಾಲೀಕ,
ಹರ್ಬರ್ಟ್ ರೆಬೆಲ್ಲೊ

ತಾಜಾಕಲಮು: ಇನ್ನು ಅವಸರವಿಲ್ಲ. ಪೆಟ್ರೊನಿಲ್ಲಾ ಇಂದು ಬೆಳಿಗ್ಗೆ ತನ್ನ ರಜೆಯನ್ನು ತಾನೇ ಎರಡು ವಾರ ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಕಡಲು ಎಲ್ಲೂ ಹೋಗುವುದಿಲ್ಲವಂತೆ. ಆಸ್ಪತ್ರೆಯಲ್ಲಿ ಕಾರಣ ಕೇಳಿದವರಿಗೆ, ‘ಮನೆಯಲ್ಲಿ ಬಾಣಂತಿ ಇದ್ದಾಳೆ, ಒಂದೇ ಹೆರಿಗೆಯಲ್ಲಿ ಮೂರು’ ಎಂದಷ್ಟೇ ಹೇಳಿ ರೌಂಡ್ಸಿಗೆ ಹೋದಳಂತೆ. ಹೆತ್ತವಳು ಅವಳಲ್ಲವೆಂದು ದಿನವೂ ನೋಡುವ ಅವರಿಗೆ ಗೊತ್ತು, ಮನೆಯಲ್ಲಿರುವ ಗಂಡಸು ನಾನೊಬ್ಬನೇ ಎಂಬುದೂ ಗೊತ್ತು. ಮಧ್ಯಾಹ್ನದಿಂದ ನನಗೆ ಆಸ್ಪತ್ರೆಯಿಂದಲೂ ಇಗರ್ಜಿಯಿಂದಲೂ ಫೋನು ಬರುತ್ತಿದೆ, ಅಭಿನಂದಿಸುವವರ ದನಿಯಲ್ಲಿ ಏನೋ ಬಿಗಿ. ಆದ್ದರಿಂದ ವ್ಯಾನ್ ತಾವೇ ಇಟ್ಟುಕೊಳ್ಳಿ. ಮಕ್ಕಳ ತಂದೆ ಯಾರೆಂಬುದನ್ನು ಮಾತ್ರ ಭಾನುವಾರದ ಪೂಜೆಗೆ ಮೊದಲು ಬಹಿರಂಗಪಡಿಸಿ ನನ್ನ ಮಾನ ಉಳಿಸಿ.